ರಿಪೇರಿಯವರನ್ನು ಕರೆಯುವ ಮುಂಚೆ: ಮನೆಯ ಹೊಲಿಗೆ ಮಷಿನ್ ನೋಡಿಕೊಳ್ಳೋದು ಹೇಗೆ?

ಮೊದಲೇ ತಪ್ಪೊಪ್ಪಿಕೊಂಡುಬಿಡುತ್ತೇವೆ. ಈ ಲೇಖನ ಬರೆಯುತ್ತಿರುವ ನಾಲ್ಕು ಜನರಲ್ಲಿ ಮೂವರು ಮೆಕ್ಯಾನಿಕಲ್, ಒಬ್ಬ ಇಲೆಕ್ಟ್ರಾನಿಕ್ಸ್. ನಾಲ್ಕೂ ಜನ ಸೇರಿ, ಚೆನ್ನಾಗಿ ಓಡುತ್ತಿದ್ದ ಒಂದು ಹೊಲಿಗೆ ಮಷಿನ್ ಅನ್ನು ಮೂರೇ ದಿನದಲ್ಲಿ ಕೆಡಿಸಿದವರು.

ಆಗಿದ್ದಿಷ್ಟು. ರಾಜ್ಯೋತ್ಸವಕ್ಕೆ ಆಡಿಟೋರಿಯಂ ತುಂಬ ಹಳದಿ-ಕೆಂಪು ತೋರಣ ಕಟ್ಟಬೇಕಿತ್ತು. ಪ್ಲಾಸ್ಟಿಕ್ ಬೇಡ, ಬಟ್ಟೆಯದ್ದೇ ಹೊಲಿಯೋಣ ಅಂತ ಮೀಟಿಂಗ್‌ನಲ್ಲಿ ಜೋರಾಗಿ ಹೇಳಿದವರು ನಾವೇ. ನಮ್ಮಲ್ಲೊಬ್ಬನ ಮನೆ ಕಾಲೇಜಿಗೆ ಹತ್ತಿರ. ಅವನ ಅಮ್ಮ ಬೀದಿಯವರಿಗೆಲ್ಲ ಬ್ಲೌಸ್ ಹೊಲಿದುಕೊಡುತ್ತಾರೆ. ಸಂಜೆ ಅವರ ಕೆಲಸ ಮುಗಿದ ಮೇಲೆ ಮಷಿನ್ ನಮ್ಮ ಕೈಗೆ.

ಮೊದಲ ದಿನ ಮಷಿನ್ ಸ್ವಲ್ಪ ಬಿಗಿ ಅನ್ನಿಸಿತು. ಬಚ್ಚಲುಮನೆಯಲ್ಲಿ ಕೊಬ್ಬರಿ ಎಣ್ಣೆ ಬಾಟಲಿ ಇತ್ತು, ಕಂಡ ಕಂಡ ತೂತಿಗೆಲ್ಲ ಬಿಟ್ಟೆವು. ಎರಡನೆಯ ದಿನ ಬಟ್ಟೆಯ ಅಡಿಯಲ್ಲಿ ದಾರ ಹಕ್ಕಿಗೂಡಿನಂತೆ ಗಂಟು ಕಟ್ಟಿತು. ಗಂಟು ಕೆಳಗಿದೆ ಅಂದಮೇಲೆ ತಪ್ಪೂ ಕೆಳಗೇ ಇರಬೇಕು ಅಂತ ಬಾಬಿನ್ ಕೇಸಿನ ಪುಟ್ಟ ಸ್ಕ್ರೂ ತಿರುಗಿಸಿದೆವು, ಇನ್ನೂ ತಿರುಗಿಸಿದೆವು. ಅದು ಹಾರಿಹೋಗಿ ಎಲ್ಲೋ ಬಿತ್ತು. ಮೂರನೆಯ ದಿನ ಬೆಳಿಗ್ಗೆ ಚಕ್ರ ತಿರುಗಲೇ ಇಲ್ಲ.

ನಮ್ಮ ತೋರಣದ ಕಥೆ ಬಿಡಿ. ದೀಪಾವಳಿ ಹತ್ತಿರ ಬಂದಿತ್ತು. ಅಮ್ಮನ ಹತ್ತಿರ ಹನ್ನೊಂದು ಬ್ಲೌಸ್ ಬಾಕಿ ಇದ್ದವು. ಹಬ್ಬದ ಬ್ಲೌಸನ್ನು ಹಬ್ಬ ಆದಮೇಲೆ ಕೊಟ್ಟರೆ ಆ ಗಿರಾಕಿ ಮತ್ತೆ ಬರೋದಿಲ್ಲ. ಅವರು ಬೈಯಲಿಲ್ಲ. "ಕೇಳಿದ್ರೆ ಹೇಳ್ತಿದ್ನಲ್ಲೋ" ಅಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಪೇಟೆಯಿಂದ ರಿಪೇರಿಯವರು ಬಂದರು, ವಯಸ್ಸಾದ ಯಜಮಾನರು. ಅರ್ಧ ಗಂಟೆ ಕೆಲಸ ಮಾಡಿದರು. ಹೊಸದಾಗಿ ಹಾಕಿದ್ದು ಒಂದು ಸೂಜಿ ಮತ್ತು ನಾವು ಕಳೆದ ಸ್ಕ್ರೂ, ಇವೆರಡೇ. ಉಳಿದದ್ದೆಲ್ಲ ಒರೆಸಿದ್ದು, ಎಣ್ಣೆ ಬಿಟ್ಟದ್ದು, ದಾರವನ್ನು ಸರಿಯಾಗಿ ಪೋಣಿಸಿದ್ದು. ಹೊರಡುವಾಗ "ಏನ್ ಓದ್ತಿದೀರ್ರಪ್ಪಾ?" ಅಂದರು. ನಾವು ಹೇಳಿದೆವು. ಅವರು ಏನೂ ಅನ್ನಲಿಲ್ಲ.

ಅವತ್ತು ಪಕ್ಕದಲ್ಲಿ ಕೂತು ನೋಡಿದ್ದನ್ನು, ಆಮೇಲೆ ಅಮ್ಮನನ್ನು ಕೇಳಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಇದು ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ, ಕಪ್ಪು ಕಬ್ಬಿಣದ ಮೈಯ, ನೇರ ಹೊಲಿಗೆಯ ಮಷಿನ್ ಬಗ್ಗೆ. ಪೆಡಲ್‌ದಾದರೂ ಸರಿ, ಪಕ್ಕಕ್ಕೆ ಪುಟ್ಟ ಮೋಟಾರು ಕೂಡಿಸಿದ್ದಾದರೂ ಸರಿ. ಹೊಸ ಕಾಲದ ಕಂಪ್ಯೂಟರ್ ಮಷಿನ್ ಆದರೆ ಅದರ ಜೊತೆ ಬಂದ ಪುಸ್ತಕ ಹೇಳಿದ್ದೇ ಕೊನೆಯ ಮಾತು.

ಒಂದು ಹೊಲಿಗೆ ಬೀಳೋದು ಹೇಗೆ?

ಇದು ಗೊತ್ತಾದರೆ ಅರ್ಧ ರಿಪೇರಿ ಬಂದ ಹಾಗೆ. ಕೈಹೊಲಿಗೆಯಲ್ಲಿ ಸೂಜಿಯ ಕಣ್ಣು ಹಿಂಬದಿಯಲ್ಲಿರುತ್ತದೆ, ಸೂಜಿ ಇಡಿಯಾಗಿ ಬಟ್ಟೆಯ ಆಚೆ ಹೋಗಿ ಬರುತ್ತದೆ. ಮಷಿನ್ ಸೂಜಿಯ ಕಣ್ಣು ಮೊನೆಯ ಹತ್ತಿರವಿರುತ್ತದೆ. ಅದು ಬಟ್ಟೆಯ ಕೆಳಗೆ ಇಣುಕಿ ವಾಪಸ್ ಬರುತ್ತದೆ, ಅಷ್ಟೇ. ಹಾಗಾದರೆ ಗಂಟು ಹಾಕೋರು ಯಾರು? ಕೆಳಗಿನ ಬಾಬಿನ್‌ನಲ್ಲಿರುವ ಎರಡನೆಯ ದಾರ. ಮೊನೆಯಲ್ಲಿ ಕಣ್ಣು, ಕೆಳಗೆ ಎರಡನೆಯ ದಾರ ಎಂಬ ಈ ಲಾಕ್‌ಸ್ಟಿಚ್ ಯಂತ್ರಕ್ಕೆ ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ. ಐಸಾಕ್ ಸಿಂಗರ್‌ನ ಪೇಟೆಂಟ್ 1851ರದ್ದು. ನಿಮ್ಮ ಮನೆಯ ಮಷಿನ್ ಇವತ್ತಿಗೂ ಅದೇ ತತ್ತ್ವದ ಮೇಲೆ ಓಡುತ್ತಿದೆ.

ಸೂಜಿ ಪೂರ್ತಿ ಕೆಳಗಿಳಿದು, ಮತ್ತೆ ಸುಮಾರು ಎರಡು ಮಿಲಿಮೀಟರ್ ಮೇಲೇರುತ್ತದೆ. ಬಟ್ಟೆಯ ಹಿಡಿತಕ್ಕೆ ದಾರ ಸೂಜಿಯ ಜೊತೆ ಏರದೆ, ಕಣ್ಣಿನ ಪಕ್ಕ ಒಂದು ಪುಟ್ಟ ಕುಣಿಕೆಯಾಗಿ ಉಬ್ಬುತ್ತದೆ. ಅದೇ ಕ್ಷಣಕ್ಕೆ ಶಟಲ್‌ನ ಚೂಪು ಮೂಗು ಆ ಕುಣಿಕೆಯೊಳಗೆ ತೂರಿ, ಅದನ್ನು ಹಿಗ್ಗಿಸಿ, ಬಾಬಿನ್ ಕೇಸಿನ ಸುತ್ತ ದಾಟಿಸುತ್ತದೆ. ಆಮೇಲೆ ಮೇಲಿನ ಲಿವರ್ (ಮುಂದುಗಡೆ ಏರಿಳಿಯುತ್ತದಲ್ಲ, ಅದು) ಹೆಚ್ಚಿನ ದಾರವನ್ನು ಮೇಲಕ್ಕೆಳೆದು ಗಂಟನ್ನು ಬಟ್ಟೆಯೊಳಗೆ ಕೂರಿಸುತ್ತದೆ.

ಒಂದು ಹೊಲಿಗೆ ಎರಡೂವರೆ ಮಿಲಿಮೀಟರ್ ಅಂತಿಟ್ಟುಕೊಂಡರೆ, ಒಂದು ಮೀಟರ್ ಹೊಲಿಯಲು ಇದೆಲ್ಲ 400 ಸಲ ನಡೆಯಬೇಕು. ಪ್ರತಿ ಸಲವೂ ಬಾಬಿನ್ ಸುತ್ತಿ ಬರಲು ಬೇಕಾಗುವ ದಾರ ಉದ್ದ, ಹೊಲಿಗೆಗೆ ಖರ್ಚಾಗೋದು ಗಿಡ್ಡ. ಉಳಿದದ್ದು ವಾಪಸ್ ಮೇಲೆ ಹೋಗುತ್ತದೆ. ಅಂದರೆ ದಾರದ ಒಂದೇ ತುಂಡು ಬಟ್ಟೆಯಲ್ಲಿ ಕೂರುವ ಮುಂಚೆ ಸೂಜಿಯ ಕಣ್ಣಿನಲ್ಲಿ ಹತ್ತಾರು ಸಲ ಹಿಂದೆ ಮುಂದೆ ಉಜ್ಜಾಡುತ್ತದೆ. ಕಣ್ಣು ಒರಟಾದರೆ ದಾರ ಯಾಕೆ ಕಡಿಯುತ್ತದೆ ಅನ್ನೋದು ಇಲ್ಲಿ ಗೊತ್ತಾಗುತ್ತದೆ.

ಮೊದಲು ಸೂಜಿ ಬದಲಿಸಿ

ಹೊಲಿಗೆ ತಪ್ಪುತ್ತಿದೆಯಾ? ದಾರ ಪದೇ ಪದೇ ಕಡಿಯುತ್ತಿದೆಯಾ? ಬಟ್ಟೆಗೆ ಸೂಜಿ ಚುಚ್ಚುವಾಗ 'ಟಪ್ ಟಪ್' ಅಂತ ಸದ್ದು ಬರುತ್ತಿದೆಯಾ? ಬೇರೆ ಏನನ್ನೂ ಮುಟ್ಟದೆ ಸೂಜಿ ಬದಲಿಸಿ ನೋಡಿ. ಒಂದು ಸೂಜಿಯನ್ನು ಸುಮಾರು ಎಂಟು-ಹತ್ತು ಗಂಟೆ ಹೊಲಿದ ಮೇಲೆ ಬದಲಿಸೋದು ಒಳ್ಳೆಯದು. ನಾವೋ, ಮುರಿಯುವ ತನಕ ಬಿಡುವವರಲ್ಲ. ಸೂಜಿ ಬಾಗಿದೆಯೋ ಇಲ್ಲವೋ ಅಂತ ನೋಡಲು ಅದರ ಚಪ್ಪಟೆ ಬದಿಯನ್ನು ಗಾಜಿನ ಮೇಲಿಟ್ಟು ಪಕ್ಕದಿಂದ ನೋಡಿ. ಮೊನೆಯ ತನಕ ಸಂದು ಒಂದೇ ಸಮ ಕಾಣಬೇಕು.

ಸೂಜಿಯ ಮೇಲೆ ಎರಡು ಸಂಖ್ಯೆ ಇರುತ್ತವೆ: 75/11, 90/14, 100/16 ಹೀಗೆ. ದೊಡ್ಡ ಸಂಖ್ಯೆ ಸೂಜಿಯ ದಪ್ಪ, ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ. 90 ಅಂದರೆ 0.9 ಮಿ.ಮೀ. ತೆಳು ಬಟ್ಟೆಗೆ 11, ಸಾಧಾರಣ ಕಾಟನ್‌ಗೆ 14, ಜೀನ್ಸ್‌ನಂಥ ದಪ್ಪ ಬಟ್ಟೆಗೆ 16 ಅಥವಾ 18.

ಕೂರಿಸುವಾಗಲೇ ಹೆಚ್ಚಿನವರು ಎಡವೋದು. ಸೂಜಿಯ ಮೇಲ್ಭಾಗದಲ್ಲಿ ಒಂದು ಬದಿ ಚಪ್ಪಟೆಯಾಗಿರುತ್ತದೆ, ಅದರ ಎದುರು ಬದಿಯಲ್ಲಿ ಉದ್ದಕ್ಕೂ ಒಂದು ಗಾಡಿ ಇರುತ್ತದೆ. ದಾರ ಇಳಿಯುವಾಗ ಬಟ್ಟೆಗೆ ಉಜ್ಜದೆ ಅಡಗಿಕೊಳ್ಳಲಿ ಅಂತ ಆ ಗಾಡಿ. ದಾರವನ್ನು ಪೋಣಿಸಬೇಕಾದದ್ದು ಈ ಗಾಡಿಯ ಕಡೆಯಿಂದಲೇ. ಶಟಲ್‌ನ ಮೂಗು ಬರೋದು ಚಪ್ಪಟೆ ಬದಿಯ ಕಡೆಯಿಂದ. ಮಷಿನ್‌ನಿಂದ ಮಷಿನ್‌ಗೆ ಈ ದಿಕ್ಕು ಬೇರೆಯಾಗಬಹುದು. ಆದ್ದರಿಂದ ಹಳೆಯ ಸೂಜಿ ತೆಗೆಯುವ ಮುಂಚೆ ಫೋನಿನಲ್ಲಿ ಒಂದು ಫೋಟೊ ಹೊಡೆದುಕೊಳ್ಳಿ. ಹೊಸದನ್ನು ತುದಿ ತಟ್ಟುವ ತನಕ ಮೇಲೆ ದೂಡಿ ಸ್ಕ್ರೂ ಬಿಗಿಮಾಡಿ. ಒಂದೆರಡು ಮಿಲಿಮೀಟರ್ ಕೆಳಗೆ ನಿಂತರೂ ಶಟಲ್‌ಗೆ ಕುಣಿಕೆ ಸಿಗೋದಿಲ್ಲ. ಎರಡು ಮಿಲಿಮೀಟರಿನ ಲೆಕ್ಕ ಮೇಲೆ ಓದಿದಿರಲ್ಲ!

ಜುಂಗು ತೆಗೆಯೋದು

ಮೋಟಾರಿದ್ದರೆ ಮೊದಲು ಪ್ಲಗ್ ಕಿತ್ತುಹಾಕಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಕಾಲು ತಪ್ಪಿ ಪೆಡಲ್ ಮೇಲೆ ಬಿದ್ದರೆ ಸೂಜಿ ಇಳಿಯೋದು ಬೆರಳಿಗೆ.

ಸೂಜಿಯನ್ನು ಪೂರ್ತಿ ಮೇಲೆ ತನ್ನಿ. ಸೂಜಿಯ ಕೆಳಗಿನ ಲೋಹದ ತಟ್ಟೆಯ ಸ್ಕ್ರೂ ಬಿಚ್ಚಿ ಎತ್ತಿದರೆ, ಬಟ್ಟೆಯನ್ನು ಮುಂದಕ್ಕೆ ತಳ್ಳುವ ಹಲ್ಲುಗಳು ಕಾಣುತ್ತವೆ. ಆ ಹಲ್ಲುಗಳ ಸಂದಿಯಲ್ಲಿ ನೂಲಿನ ಜುಂಗು, ಧೂಳು, ಎಣ್ಣೆ ಎಲ್ಲ ಸೇರಿ ಕಂಬಳಿಯಂತೆ ಗಟ್ಟಿಯಾಗಿ ಕೂತಿರುತ್ತದೆ. ನಾವು ತೆಗೆದಾಗ ಬಂದದ್ದನ್ನು ನೋಡಿ ಅಮ್ಮನಿಗೇ ಆಶ್ಚರ್ಯ. ಜುಂಗು ತುಂಬಿದರೆ ಹಲ್ಲು ಬಟ್ಟೆಯನ್ನು ಕಚ್ಚಲಾರದು. ಆಗ ಬಟ್ಟೆ ನಿಂತಲ್ಲೇ ನಿಲ್ಲುತ್ತದೆ, ಹೊಲಿಗೆ ಒಂದರ ಮೇಲೊಂದು ಬೀಳುತ್ತದೆ.

ಆಮೇಲೆ ಬಾಬಿನ್ ಕೇಸ್ ಹೊರಗೆ ತೆಗೆಯಿರಿ. ಅದರ ಹಿಂದಿನ ಶಟಲ್ ಕೆಲವು ಮಷಿನ್‌ಗಳಲ್ಲಿ ಪಕ್ಕದ ಕೊಕ್ಕೆ ಸರಿಸಿದರೆ ಬರುತ್ತದೆ, ಕೆಲವದಕ್ಕೆ ಸ್ಕ್ರೂ ಬಿಚ್ಚಬೇಕು. ಪ್ರತಿ ಹೆಜ್ಜೆಗೂ ಒಂದು ಫೋಟೊ ಇರಲಿ. ಬಿಚ್ಚಿದ್ದನ್ನು ಬಿಚ್ಚಿದ ಕ್ರಮದಲ್ಲೇ ಸ್ಟೀಲ್ ತಟ್ಟೆಯಲ್ಲಿ ಸಾಲಾಗಿ ಇಡಿ, ನೆಲದ ಮೇಲೆ ಬೇಡ. ಆ ಸ್ಕ್ರೂ ಹುಡುಕಿ ನಾವು ಪಟ್ಟ ಪಾಡು ನಮಗೇ ಗೊತ್ತು. ಶಟಲ್ ಕೂರುವ ಗುಂಡಿಯಲ್ಲಿ ತುಂಡು ದಾರ ಸಿಕ್ಕಿಕೊಂಡಿರಬಹುದು. ಮಷಿನ್ ಇದ್ದಕ್ಕಿದ್ದಂತೆ ಬಿಗಿಯಾಗಲು ಅಂಥ ಒಂದು ತುಂಡು ಸಾಕು. ಹಳೆಯ ಹಲ್ಲುಜ್ಜುವ ಬ್ರಷ್ ಅಥವಾ ಪೇಂಟ್ ಬ್ರಷ್ ಈ ಕೆಲಸಕ್ಕೆ ಚೆನ್ನ. ಬಾಯಿಂದ ಊದಬೇಡಿ. ಉಸಿರಿನ ತೇವ ಉಕ್ಕಿನ ಮೇಲೆ ಕೂರುತ್ತದೆ, ಜುಂಗು ಇನ್ನೂ ಒಳಗೆ ಹೋಗುತ್ತದೆ.

ಎಣ್ಣೆ ಅಂದರೆ ಯಾವ ಎಣ್ಣೆ?

ಮಷಿನ್ ಎಣ್ಣೆ. ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಪುಟ್ಟ ಬಾಟಲಿಯಲ್ಲಿ ಸಿಗುವ, ನೀರಿನಂತೆ ತೆಳುವಾದ, ಬಣ್ಣವಿಲ್ಲದ ಖನಿಜ ತೈಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಚಳಿಗಾಲದಲ್ಲಿ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ತಲೆಗೆ ಹಚ್ಚಿಕೊಂಡೇ ಬೆಳೆದವರು ನಾವು, ಆದರೂ ಅದು ಮಷಿನ್ ಒಳಗೂ ಹೆಪ್ಪುಗಟ್ಟುತ್ತದೆ ಅಂತ ಹೊಳೆಯಲಿಲ್ಲ. ಅಡುಗೆ ಎಣ್ಣೆಗಳದ್ದು ಬೇರೆ ಕಥೆ. ಎಣ್ಣೆ ಡಬ್ಬದ ಹೊರಮೈ ಗಾಳಿಗೆ ಅಂಟಂಟಾಗೋದನ್ನು ನೋಡಿರುತ್ತೀರಿ. ಮಷಿನ್‌ನ ಕೀಲುಗಳಲ್ಲೂ ಆಗೋದು ಅದೇ. ಬೈಕಿನ ಎಂಜಿನ್ ಆಯಿಲ್ ತೀರಾ ಮಂದ, ಬಟ್ಟೆಗೆ ಕಲೆಯೂ ಹೌದು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಆ ಗಳಿಗೆಗೆ ಹಗುರವಾಗುತ್ತದೆ, ಆದರೆ ಮಷಿನ್ ಎಣ್ಣೆಯ ಕೆಲಸ ಅದು ಮಾಡೋದಿಲ್ಲ.

ಎಲ್ಲಿ ಬಿಡಬೇಕು? ನಿಯಮ ಒಂದೇ: ಲೋಹದ ಮೇಲೆ ಲೋಹ ಚಲಿಸುವ ಕಡೆಯೆಲ್ಲ ಒಂದೊಂದು ಹನಿ. ಮಷಿನ್‌ನ ಬೆನ್ನಿನ ಮೇಲಿರುವ ತೂತುಗಳು, ಸೂಜಿ ಹಿಡಿದಿರುವ ಕಂಬಿ, ಪಾದ ಹಿಡಿದಿರುವ ಕಂಬಿ, ಶಟಲ್ ಓಡಾಡುವ ಅಂಚು. ಆಮೇಲೆ ಬೆಲ್ಟ್ ಕಳಚಿ, ತಲೆಯನ್ನು ಹಿಂದಕ್ಕೆ ಮಲಗಿಸಿ ಅಡಿಯ ಕೀಲುಗಳಿಗೂ ಬಿಡಿ. ತಲೆ ಭಾರವಿರುತ್ತದೆ. ಹಿಂದಿನ ಕೀಲುಗಳ ಸ್ಕ್ರೂ ಬಿಗಿಯಾಗಿದೆಯಾ ನೋಡಿ, ಒಬ್ಬರು ಹಿಡಿದುಕೊಂಡೇ ಮಲಗಿಸಿ. ಕೆಳಗಿನ ಪೆಡಲ್‌ನ ಎರಡು ಮೂಲೆ, ಮೇಲೆ ಕೆಳಗೆ ಓಡುವ ರಾಡಿನ ಎರಡು ತುದಿ ಮರೆಯಬೇಡಿ. ಪೆಡಲ್, ರಾಡು, ಚಕ್ರದ ಕ್ರ್ಯಾಂಕ್, ಸ್ಟ್ಯಾಂಡ್: ಇದೇ ನಮ್ಮ ಫೋರ್-ಬಾರ್ ಮೆಕ್ಯಾನಿಸಂ. ಅದನ್ನು ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದು ಅಂಕ ತಗೊಂಡಿದ್ದೆವು. ಅದರ ಕೀಲಿಗೆ ಎಣ್ಣೆ ಬೇಕು ಅಂತ ಚಿತ್ರದಲ್ಲಿರಲಿಲ್ಲ.

ಎಲ್ಲಿ ಬಿಡಬಾರದು? ಬೆಲ್ಟ್ ಮತ್ತು ಬೆಲ್ಟ್ ಓಡುವ ಗಾಡಿ, ಬಾಬಿನ್ ಸುತ್ತುವ ಕಡೆಯ ಪುಟ್ಟ ರಬ್ಬರ್ ಚಕ್ರ, ದಾರ ಹಾದುಹೋಗುವ ಟೆನ್ಷನ್ ಡಿಸ್ಕ್‌ಗಳು. ಇವೆಲ್ಲ ಘರ್ಷಣೆಯಿಂದಲೇ ಕೆಲಸ ಮಾಡುವ ಜಾಗಗಳು. ಮೋಟಾರಿಗೂ ಸುಮ್ಮನೆ ಎಣ್ಣೆ ಬಿಡಬೇಡಿ.

ಎಣ್ಣೆ ಬಿಟ್ಟಮೇಲೆ ದಾರ ತೆಗೆದು, ಪಾದ ಎತ್ತಿ, ಒಂದೆರಡು ನಿಮಿಷ ಖಾಲಿ ಓಡಿಸಿ. ಹೊರಬಂದ ಕಪ್ಪು ಎಣ್ಣೆ ಒರೆಸಿ. ಆಮೇಲೆ ಹಳೇ ಬಟ್ಟೆಯ ಮೇಲೆ ಹೊಲಿದು, ಕಲೆ ಬೀಳೋದು ನಿಂತ ಮೇಲೆ ಕೆಲಸದ ಬಟ್ಟೆ ಇಡಿ. ದಿನಾ ಹೊಲಿಯುವ ಮಷಿನ್‌ಗೆ ವಾರಕ್ಕೊಮ್ಮೆಯಾದರೂ ಎಣ್ಣೆ ಬೇಕು.

ವರ್ಷಗಟ್ಟಲೆ ಮೂಲೆಯಲ್ಲಿದ್ದು ಅಂಟುಹಿಡಿದ ಮಷಿನ್ ಆದರೆ? ಕೀಲುಗಳಿಗೆ ಒಂದೊಂದು ಹನಿ ಸೀಮೆಎಣ್ಣೆ ಬಿಟ್ಟು, ಸ್ವಲ್ಪ ಹೊತ್ತು ಬಿಟ್ಟು, ಕೈಯಿಂದ ಮೆಲ್ಲಗೆ ಚಕ್ರ ಆಡಿಸಿ. ಗಟ್ಟಿಯಾದ ಹಳೇ ಎಣ್ಣೆ ಕರಗಿ ಬರುತ್ತದೆ. ಪೂರ್ತಿ ಒರೆಸಿ, ಮೇಲೆ ಮಷಿನ್ ಎಣ್ಣೆ ಬಿಡಲೇಬೇಕು. ಸೀಮೆಎಣ್ಣೆ ತೊಳೆಯೋದಕ್ಕೆ ಮಾತ್ರ. ಕಿಟಕಿ ತೆರೆದಿಡಿ, ಹತ್ತಿರ ಬೆಂಕಿ ಇರಬಾರದು. ಯಜಮಾನರು ನಮ್ಮ ಕೊಬ್ಬರಿ ಎಣ್ಣೆ ತೊಳೆದದ್ದು ಹೀಗೇ. ಮೈಮೇಲಿನ ಚಿನ್ನದ ಬಣ್ಣದ ಹೂಬಳ್ಳಿಗೆ ಮಾತ್ರ ಥಿನ್ನರ್, ಸ್ಪಿರಿಟ್ ತಾಗಿಸಬೇಡಿ, ಬಣ್ಣ ಎದ್ದುಬರುತ್ತದೆ.

ಕೆಳಗೆ ಗಂಟಾದರೆ ಮೇಲೆ ನೋಡಿ

ನಮ್ಮ ದೊಡ್ಡ ತಪ್ಪು ಇದು. ಬಟ್ಟೆಯ ಅಡಿಯಲ್ಲಿ ದಾರ ಗೂಡು ಕಟ್ಟಿದರೆ, ಹೆಚ್ಚಿನ ಸಲ ತಪ್ಪಿರೋದು ಮೇಲಿನ ದಾರದಲ್ಲಿ. ಯೋಚಿಸಿ: ಬಾಬಿನ್ ಸುತ್ತಿ ಬಂದ ಹೆಚ್ಚಿನ ದಾರವನ್ನು ಮೇಲಕ್ಕೆ ಎಳೆದುಕೊಳ್ಳಬೇಕಾದವನು ಲಿವರ್. ದಾರ ಲಿವರ್‌ನ ತೂತಿನಲ್ಲಿ ಹೋಗದಿದ್ದರೆ, ಅಥವಾ ಟೆನ್ಷನ್ ಡಿಸ್ಕ್‌ಗಳ ನಡುವೆ ಕೂರದೆ ಪಕ್ಕದಲ್ಲಿ ಜಾರಿದ್ದರೆ, ಆ ದಾರವೆಲ್ಲ ಕೆಳಗೇ ಉಳಿಯುತ್ತದೆ. ಅದೇ ಗೂಡು.

ಪರಿಹಾರ: ಪಾದ ಎತ್ತಿ, ಸೂಜಿ ಮೇಲೆ ತಂದು, ಮೇಲಿನ ದಾರವನ್ನು ಪೂರ್ತಿ ತೆಗೆದು ಮೊದಲಿಂದ ಪೋಣಿಸಿ. ಬಹುತೇಕ ಮಷಿನ್‌ಗಳಲ್ಲಿ ಪಾದ ಎತ್ತಿದಾಗಲೇ ಡಿಸ್ಕ್‌ಗಳು ಸಡಿಲವಾಗೋದು, ದಾರ ಒಳಗೆ ಕೂರೋದೂ ಆಗಲೇ. ಹೊಲಿಗೆ ಶುರುಮಾಡುವಾಗ ಎರಡೂ ದಾರದ ತುದಿಗಳನ್ನು ಪಾದದ ಹಿಂದೆ ಹಿಡಿದುಕೊಳ್ಳಿ, ಚಕ್ರವನ್ನು ಯಾವಾಗಲೂ ನಿಮ್ಮ ಕಡೆಗೇ ತಿರುಗಿಸಿ.

ಆಮೇಲೂ ಅನುಮಾನವಿದ್ದರೆ ಒಂದು ಪರೀಕ್ಷೆ. ಮೇಲೆ ಹಳದಿ ದಾರ, ಕೆಳಗೆ ಕೆಂಪು ದಾರ ಹಾಕಿ (ನಮ್ಮ ಹತ್ತಿರ ಹೇಗೂ ಅವೆರಡೇ ಇದ್ದವು). ಎರಡು ಪದರದ ಬಿಳಿ ಬಟ್ಟೆಯ ಮೇಲೆ ಒಂದು ಗೇಣು ಹೊಲಿಯಿರಿ. ಮೇಲ್ಬದಿಯಲ್ಲಿ ಕೆಂಪು ಚುಕ್ಕೆ ಕಂಡರೆ ಮೇಲಿನ ಟೆನ್ಷನ್ ಜಾಸ್ತಿ. ಕೆಳಬದಿಯಲ್ಲಿ ಹಳದಿ ಕಂಡರೆ ಮೇಲಿನ ಟೆನ್ಷನ್ ಕಡಿಮೆ. ಎರಡೂ ಕಾಣದಿದ್ದರೆ ಗಂಟು ಬಟ್ಟೆಯೊಳಗೆ ಅಡಗಿದೆ, ಸರಿಯಾಗಿದೆ. ಮೇಲಿನ ತಿರುಪನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಮತ್ತೆ ಹೊಲಿದು ನೋಡಿ.

ಬಾಬಿನ್ ಕೇಸಿನ ಸ್ಕ್ರೂ ಮುಟ್ಟೋದು ಕಟ್ಟಕಡೆಗೆ. ಅದಕ್ಕೂ ಮುಂಚೆ ಕೇಸನ್ನು ದಾರದಿಂದ ತೂಗುಬಿಟ್ಟು ಮೆಲ್ಲಗೆ ಜಗ್ಗಿ. ಒಂದೆರಡು ಇಂಚು ಇಳಿದು ನಿಲ್ಲಬೇಕು. ಸರ್ರನೆ ಇಳಿದರೆ ಸಡಿಲ, ಅಲ್ಲಾಡದಿದ್ದರೆ ಬಿಗಿ. ತಿರುಗಿಸಲೇಬೇಕಾದರೆ ಒಂದು ಸಲಕ್ಕೆ ಕಾಲು ಸುತ್ತಿಗಿಂತ ಕಡಿಮೆ, ಕೆಳಗೆ ಬಿಳಿ ಬಟ್ಟೆ ಹಾಸಿಕೊಂಡು.

'ಮಷಿನ್ ಸತ್ತುಹೋಯ್ತು' ಅನ್ನುವ ಮುಂಚೆ

ಚಕ್ರ ಸರಾಗ ತಿರುಗುತ್ತಿದೆ, ಸೂಜಿ ಅಲ್ಲಾಡುತ್ತಿಲ್ಲ. ಗಾಬರಿ ಬೇಡ. ಚಕ್ರದ ನಡುವೆ ಒಂದು ದುಂಡನೆಯ ತಿರುಪು ಇದೆ. ಬಾಬಿನ್ ಸುತ್ತುವಾಗ ಸೂಜಿ ಓಡದಿರಲಿ ಅಂತ ಅದನ್ನು ಸಡಿಲಿಸುತ್ತಾರೆ, ಅದು ಕ್ಲಚ್ ಇದ್ದ ಹಾಗೆ. ಮತ್ತೆ ಬಿಗಿಮಾಡಲು ಮರೆತಿದ್ದಾರೆ, ಅಷ್ಟೇ.

ಪೆಡಲ್ ತುಳಿದರೂ ಮೇಲಿನ ಚಕ್ರ ಜಾರುತ್ತಿದೆಯಾ? ಬೆಲ್ಟ್ ಸಡಿಲವಾಗಿದೆ. ಚರ್ಮದ ಬೆಲ್ಟ್ ಕಾಲ ಕಳೆದಂತೆ ಹಿಗ್ಗುತ್ತದೆ, ಮಳೆಗಾಲದ ತೇವಕ್ಕೆ ಇನ್ನಷ್ಟು. ಅದರ ತಂತಿಯ ಕ್ಲಿಪ್ ಬಿಚ್ಚಿ, ಅರ್ಧ ಇಂಚು ಕತ್ತರಿಸಿ, ಹೊಸ ತೂತು ಮಾಡಿ ಮತ್ತೆ ಸೇರಿಸಿ. ಒಂದೇ ಸಲಕ್ಕೆ ಹೆಚ್ಚು ಕತ್ತರಿಸಬೇಡಿ, ತೀರಾ ಬಿಗಿಯಾದರೆ ಪೆಡಲ್ ಭಾರವಾಗುತ್ತದೆ.

ಕೆಲಸ ಮುಗಿದ ಮೇಲೆ ಪಾದದ ಅಡಿ ಒಂದು ತುಂಡು ಬಟ್ಟೆ ಇಟ್ಟು ಪಾದ ಇಳಿಸಿ, ಮೇಲೆ ಬಟ್ಟೆಯ ಹೊದಿಕೆ ಹಾಕಿ. ಮಳೆಗಾಲದಲ್ಲಿ ಹೊಲಿಯದಿದ್ದರೂ ಆಗಾಗ ಎಣ್ಣೆ ಬಟ್ಟೆಯಿಂದ ಲೋಹದ ಭಾಗ ಒರೆಸಿ, ಚಕ್ರ ಆಡಿಸಿ.

ಇನ್ನು ಇವಕ್ಕೆ ರಿಪೇರಿಯವರೇ ಬೇಕು: ಹೊಸ ಸೂಜಿ ಸರಿಯಾಗಿ ಹಾಕಿದರೂ ಒಂದು ಹೊಲಿಗೆಯೂ ಬೀಳದಿದ್ದರೆ (ಶಟಲ್ ಮತ್ತು ಸೂಜಿಯ ಟೈಮಿಂಗ್ ತಪ್ಪಿರಬಹುದು), ಸೂಜಿ ಪ್ರತಿ ಸಲವೂ ಲೋಹಕ್ಕೆ ತಾಗಿ ಮುರಿಯುತ್ತಿದ್ದರೆ, ಮೋಟಾರು ಸುಟ್ಟ ವಾಸನೆ ಬಂದರೆ ಅಥವಾ ಮೈ ಮುಟ್ಟಿದಾಗ ಕರೆಂಟು ಜುಮ್ಮೆಂದರೆ. ಬಂದವರ ಪಕ್ಕದಲ್ಲಿ ಕೂತು ನೋಡಿ, ಕೇಳಿ. ನಮಗೆ ಇಷ್ಟು ಗೊತ್ತಾಗಿದ್ದೂ ಹಾಗೇ.

ಅವತ್ತು ರಾತ್ರಿ ಅಮ್ಮ ಒಂದು ಗಂಟೆ ತನಕ ಹೊಲಿದರು. ಮಾರನೆಯ ದಿನವೂ ಹಾಗೇ. ನಾವು ನಾಲ್ಕು ಜನ ನೆಲದ ಮೇಲೆ ಕೂತು ಹುಕ್ಕು ಹಾಕಿದೆವು, ಎಳೆ ಕತ್ತರಿಸಿದೆವು, ಟೀ ಮಾಡಿದೆವು. ಮೊದಲ ಎರಡು ಬ್ಲೌಸಿನ ಹುಕ್ಕು ಅವರು ಬಿಚ್ಚಿ ಮತ್ತೆ ಹಾಕಿದರು. ಹನ್ನೊಂದೂ ಹಬ್ಬದ ಹಿಂದಿನ ದಿನ ತಲುಪಿದವು. ತೋರಣ ಹೊಲಿದದ್ದು ಆಮೇಲೆ, ಅವರ ಕಣ್ಣೆದುರಿಗೇ.

ಈ ಸಲ ರಜೆಗೆ ಊರಿಗೆ ಹೋದಾಗ ಮನೆಯ ಮೂಲೆಯಲ್ಲಿ ಮುಸುಕು ಹಾಕಿರುವ ಮಷಿನ್ ಇದೆಯಾ ನೋಡಿ. ಒಂದು ಬಾಟಲಿ ಮಷಿನ್ ಎಣ್ಣೆ, ಒಂದು ಪ್ಯಾಕೆಟ್ ಸೂಜಿ, ಒಂದು ಹಳೆಯ ಬ್ರಷ್ ಸಾಕು. ಆದರೆ ತಟ್ಟೆಯ ಮೊದಲ ಸ್ಕ್ರೂ ಬಿಚ್ಚುವ ಮುಂಚೆ ಆ ಮಷಿನ್ ಯಾರದ್ದೋ ಅವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅದು ಎಲ್ಲಿ ಸದ್ದು ಮಾಡುತ್ತದೆ, ಯಾವಾಗ ಮುನಿಸಿಕೊಳ್ಳುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.